ರೆಕಾರ್ಡರ್ ಬೇಕಾ, ಓಟಿಟಿ ಸಾಕಾ? ನಿಮ್ಮ ಮನೆಯ ಟೀವಿಗೆ ಯಾವುದು ಸರಿ

ಹೊಸ ಟೀವಿ ಬಂದಿದೆ. ಇಂಟರ್ನೆಟ್ ಇದೆ. ಒಂದೆರಡು ಓಟಿಟಿ ಚಂದಾನೂ ಇದೆ. ಹಾಗಿದ್ದ ಮೇಲೆ ರೆಕಾರ್ಡ್ ಮಾಡುವ ಸೆಟ್‌ಟಾಪ್ ಬಾಕ್ಸ್ ಇನ್ನೂ ಯಾಕೆ ಅಂತ ತುಂಬ ಜನ ಕೇಳುತ್ತೀರಿ. ಉಲ್ಟಾ ಪ್ರಶ್ನೆಯೂ ಬರುತ್ತದೆ. ಬಾಕ್ಸ್‌ನಲ್ಲೇ ಎಲ್ಲ ರೆಕಾರ್ಡ್ ಆಗುತ್ತಲ್ಲ, ತಿಂಗಳು ತಿಂಗಳು ಚಂದಾ ಯಾಕೆ ಕಟ್ಟಬೇಕು ಅಂತ. ನಾನು ಎರಡನ್ನೂ ವರ್ಷಗಟ್ಟಲೆ ಬಳಸಿದ್ದೇನೆ. ಎರಡರಿಂದಲೂ ನಷ್ಟ ಆಗಿದೆ, ಎರಡರಿಂದಲೂ ಸಂತೋಷ ಸಿಕ್ಕಿದೆ. ಆ ಅನುಭವ ಇಟ್ಟುಕೊಂಡು ಯಾವುದು ಯಾರಿಗೆ ಹೊಂದುತ್ತದೆ ಅಂತ ಬಿಡಿಸಿ ಹೇಳುತ್ತೇನೆ.

ಮೂಲದಲ್ಲಿ ವ್ಯತ್ಯಾಸ ಇಷ್ಟೇ. ರೆಕಾರ್ಡರ್‌ಗೆ ಮೊದಲೇ ಹೇಳಬೇಕು. ನಾಳೆ ರಾತ್ರಿ ಬರುವ ಕಾರ್ಯಕ್ರಮ ಬೇಕಿದ್ದರೆ ಇವತ್ತು ಗುಂಡಿ ಒತ್ತಬೇಕು, ಇಲ್ಲದಿದ್ದರೆ ಅದು ಗಾಳಿಯಲ್ಲಿ ಬಂದು ಗಾಳಿಯಲ್ಲೇ ಹೋಗುತ್ತದೆ. ಓಟಿಟಿಗೆ ಆಮೇಲೆ ನೆನಪಾದರೂ ನಡೆಯುತ್ತದೆ. ಆದರೆ ರೆಕಾರ್ಡ್ ಮಾಡಿಟ್ಟದ್ದು ನಿಮ್ಮ ಮನೆಯ ಡಿಸ್ಕ್‌ನಲ್ಲಿರುತ್ತದೆ. ಓಟಿಟಿಯಲ್ಲಿ ಇರುವುದು ಅವರ ಹತ್ತಿರ ಇರುತ್ತದೆ, ಅವರು ಇಟ್ಟಷ್ಟು ದಿನ ಮಾತ್ರ ಇರುತ್ತದೆ. ಮುಂದೆ ಹೇಳುವ ಲಾಭ ನಷ್ಟಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಹುಟ್ಟುತ್ತವೆ.

ಸ್ವಲ್ಪ ಹಿಂದಕ್ಕೆ ಹೋದರೆ ಇದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಟೀವಿಯವರು ಹೇಳಿದ ಹೊತ್ತಿಗೆ ನಾವು ಕೂರಬೇಕಿದ್ದ ಕಾಲ ಅದು. 1975ರಲ್ಲಿ ಸೋನಿಯ ಬೀಟಾಮ್ಯಾಕ್ಸ್, ಮರುವರ್ಷ ವಿಎಚ್‌ಎಸ್ ಬಂದು ಕ್ಯಾಸೆಟ್‌ಗೆ ತುಂಬಿಸಿಕೊಂಡು ಆಮೇಲೆ ನೋಡುವುದು ಶುರುವಾಯಿತು. ಸಿನಿಮಾ ಕಂಪನಿಗಳಿಗೆ ಇದು ಸರಿಬರಲಿಲ್ಲ. ಕೇಸು ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ಮನೆಯಲ್ಲಿ ಆಮೇಲೆ ನೋಡಲಿಕ್ಕೆ ರೆಕಾರ್ಡ್ ಮಾಡಿಕೊಳ್ಳುವುದು ತಪ್ಪಲ್ಲ ಅಂತ 1984ರಲ್ಲಿ ತೀರ್ಪು ಬಂತು, ಅದೂ ಐವರು ಒಂದು ಕಡೆ, ನಾಲ್ವರು ಇನ್ನೊಂದು ಕಡೆ. ಒಬ್ಬ ನ್ಯಾಯಮೂರ್ತಿ ಆಚೆ ಹೋಗಿದ್ದರೆ ಮನೆಯ ಟೀವಿಯ ಕತೆಯೇ ಬೇರೆ ಆಗುತ್ತಿತ್ತು. 1999ರಲ್ಲಿ ಟೀವೋ ಮತ್ತು ರಿಪ್ಲೇಟೀವಿ ಬಂದು ಕ್ಯಾಸೆಟ್ ಜಾಗದಲ್ಲಿ ಹಾರ್ಡ್‌ಡಿಸ್ಕ್ ಕೂರಿಸಿದವು. ನೇರಪ್ರಸಾರವನ್ನೇ ನಿಲ್ಲಿಸಿ ಎದ್ದು ಹೋಗಿ ಬಂದು ಮುಂದುವರಿಸಬಹುದು ಅನ್ನುವುದು ಆಗ ಜನರಿಗೆ ಮಾಯಾಜಾಲದ ಥರ ಕಂಡಿತು. ಒಳಗೆ ನಡೆಯುವುದು ಸರಳ. ಬಾಕ್ಸ್ ಬರುತ್ತಿರುವುದನ್ನೆಲ್ಲ ಒಂದು ಕಡೆ ಡಿಸ್ಕ್‌ಗೆ ಬರೆಯುತ್ತಲೇ ಇರುತ್ತದೆ, ಇನ್ನೊಂದು ಕಡೆ ಅದೇ ಡಿಸ್ಕ್‌ನಿಂದ ಸ್ವಲ್ಪ ಹಿಂದಿನದನ್ನು ಓದಿ ತೋರಿಸುತ್ತದೆ. 2007ರಲ್ಲಿ ನೆಟ್‌ಫ್ಲಿಕ್ಸ್ ಇಂಟರ್ನೆಟ್ ಮೂಲಕ ತೋರಿಸಲು ಶುರು ಮಾಡಿತು. ಅದೇ ವರ್ಷದ ಕೊನೆಯಲ್ಲಿ, ಪ್ರಸಾರವಾದದ್ದನ್ನು ಆಮೇಲೆ ಇಂಟರ್ನೆಟ್‌ನಲ್ಲಿ ನೋಡುವ ಬಿಬಿಸಿಯ ಐಪ್ಲೇಯರ್ ಬಂತು. ಅಲ್ಲಿಂದ ರೆಕಾರ್ಡ್ ಮಾಡುವ ಕೆಲಸವೇ ನಮ್ಮ ಕೈಯಿಂದ ಜಾರಿತು.

ಮೊದಲು ಇವನ್ನು ಯೋಚಿಸಿ

ಅಂಗಡಿಗೆ ಹೋಗುವ ಮುಂಚೆ ಒಂದು ವಾರ ನಿಮ್ಮ ಮನೆಯಲ್ಲಿ ನಿಜವಾಗಿ ಏನು ನೋಡುತ್ತೀರಿ ಅಂತ ಬರೆದಿಡಿ. ಏನು ನೋಡಬೇಕು ಅಂದುಕೊಂಡಿದ್ದೀರಿ ಅನ್ನುವುದು ಬೇಡ. ನೋಡಿದ್ದನ್ನು ಮಾತ್ರ ಬರೆಯಿರಿ. ಪಂದ್ಯ ಮತ್ತು ಸುದ್ದಿ ಎಷ್ಟು, ದಿನದ ಧಾರಾವಾಹಿ ಎಷ್ಟು, ಸಿನಿಮಾ ಎಷ್ಟು, ಮಕ್ಕಳದ್ದು ಎಷ್ಟು. ಈ ಪಟ್ಟಿ ಇಲ್ಲದೆ ಬೇರೆ ಯಾವ ಸಲಹೆಯೂ ಕೆಲಸಕ್ಕೆ ಬರುವುದಿಲ್ಲ.

ಆಮೇಲೆ ಇಂಟರ್ನೆಟ್. ವೇಗ ಒಂದು, ತಿಂಗಳ ಮಿತಿ ಇನ್ನೊಂದು. ವೇಗದ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಮಿತಿಯನ್ನು ಮರೆಯುತ್ತಾರೆ. 1080ಪಿ ಎಚ್‌ಡಿ ಚಿತ್ರಕ್ಕೆ 5 ಎಂಬಿಪಿಎಸ್, 4ಕೆಗೆ 15 ಎಂಬಿಪಿಎಸ್ ಇರಲಿ ಅಂತ ನೆಟ್‌ಫ್ಲಿಕ್ಸ್ ಹೇಳುತ್ತದೆ. ಅದು ಒಂದು ಪರದೆಗೆ. ಮೂರು ಜನ ಮೂರು ಕಡೆ ನೋಡಿದರೆ ಮೂರು ಪಟ್ಟು. ಡೇಟಾ ಲೆಕ್ಕ ಹಾಕಿದರೆ ಎಚ್‌ಡಿ ಒಂದು ಗಂಟೆಗೆ 3 ಜಿಬಿವರೆಗೆ, 4ಕೆ ಆದರೆ 7 ಜಿಬಿವರೆಗೆ ಹೋಗಬಹುದು. ದಿನಕ್ಕೆ ಎರಡು ಗಂಟೆ ಎಚ್‌ಡಿ ಅಂದರೂ ತಿಂಗಳಿಗೆ 180 ಜಿಬಿವರೆಗೆ. ಮಿತಿ ಇರುವ ಸಂಪರ್ಕದವರಿಗೆ ಈ ಒಂದು ಲೆಕ್ಕವೇ ಅರ್ಧ ಉತ್ತರ ಕೊಡುತ್ತದೆ.

ಎಷ್ಟು ದಿನ ಇಟ್ಟುಕೊಳ್ಳಬೇಕು ಅನ್ನುವುದನ್ನೂ ಯೋಚಿಸಿ. ಒಮ್ಮೆ ನೋಡಿ ಮರೆಯುವವರು ಬೇರೆ, ಇಷ್ಟವಾದ ಸಿನಿಮಾವನ್ನು ವರ್ಷಕ್ಕೆ ಎರಡು ಸಲ ನೋಡುವವರು ಬೇರೆ. ಕೊನೆಗೆ ದುಡ್ಡು. ಒಮ್ಮೆ ಜಾಸ್ತಿ ಕೊಟ್ಟು ಸುಮ್ನಿರುವುದು ನಿಮಗೆ ಸುಲಭವೋ, ತಿಂಗಳಿಗೆ ಸ್ವಲ್ಪ ಸ್ವಲ್ಪ ಕೊಡುವುದೋ? ಸ್ವಲ್ಪ ಸ್ವಲ್ಪದ್ದು ಕಣ್ಣಿಗೆ ಕಾಣುವುದಿಲ್ಲ, ವರ್ಷದ ಕೊನೆಗೆ ಕೂಡಿಸಿದಾಗ ಕಾಣುತ್ತದೆ.

ಹಾರ್ಡ್‌ಡಿಸ್ಕ್ ಇರುವ ರೆಕಾರ್ಡರ್ ಬಾಕ್ಸ್

ಇದರ ಬಗ್ಗೆ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಯಾಕೆಂದರೆ ಇದನ್ನು ಹಳೇ ಕಾಲದ ವಸ್ತು ಅಂತ ತಳ್ಳಿಹಾಕುವವರೇ ಜಾಸ್ತಿ.

ಮೊದಲ ಲಾಭ ಚಿತ್ರದ ಗುಣಮಟ್ಟ. ಕ್ಯಾಸೆಟ್‌ನಲ್ಲಿ ಚಿತ್ರ ಮಂಕಾಗುತ್ತಿತ್ತು. ಡಿಜಿಟಲ್ ಬಾಕ್ಸ್ ಹಾಗಲ್ಲ, ಬಂದ ಸಿಗ್ನಲ್ಲನ್ನು ಸಾಮಾನ್ಯವಾಗಿ ಇದ್ದ ಹಾಗೆಯೇ ಬರೆದುಕೊಳ್ಳುತ್ತದೆ. ನೇರ ನೋಡಿದರೂ ನಾಳೆ ನೋಡಿದರೂ ಚಿತ್ರ ಒಂದೇ. ಜಾಗದ ಲೆಕ್ಕವೂ ಹೆದರಿಸುವಂಥದ್ದಲ್ಲ. ಎಚ್‌ಡಿ ಚಾನೆಲ್ ಒಂದು ಸೆಕೆಂಡಿಗೆ 8 ಮೆಗಾಬಿಟ್ ಬರುತ್ತಿದೆ ಅಂದುಕೊಳ್ಳಿ. ಗಂಟೆಗೆ 3.6 ಜಿಬಿ ಆಯಿತು. 500 ಜಿಬಿ ಡಿಸ್ಕ್‌ನಲ್ಲಿ ಸುಮಾರು 140 ಗಂಟೆ ಹಿಡಿಯುತ್ತದೆ. 1999ರ ಮೊದಲ ಟೀವೋ ಬಾಕ್ಸ್‌ಗಳಲ್ಲಿ ಚಿಕ್ಕದರಲ್ಲಿ ಹಿಡಿಯುತ್ತಿದ್ದುದು 14 ಗಂಟೆ, ಅದೂ ಕಡಿಮೆ ಗುಣಮಟ್ಟದಲ್ಲಿ.

ಎರಡನೆಯದು ಜಾಹೀರಾತು. ರೆಕಾರ್ಡ್ ಆದದ್ದನ್ನು ಓಡಿಸಬಹುದು. ಒಂದು ಗಂಟೆಯ ಕಾರ್ಯಕ್ರಮ ನೋಡಲು ನಿಜವಾಗಿ ಒಂದು ಗಂಟೆ ಬೇಕಾಗುವುದಿಲ್ಲ. ನೇರಪ್ರಸಾರ ಶುರುವಾಗಿ ಹದಿನೈದು ಇಪ್ಪತ್ತು ನಿಮಿಷ ಬಿಟ್ಟು ನೋಡಲು ಕೂತರೆ ಜಾಹೀರಾತುಗಳನ್ನು ದಾಟುತ್ತಾ ದಾಟುತ್ತಾ ಕೊನೆಗೆ ನೇರಪ್ರಸಾರವನ್ನೇ ಹಿಡಿದುಬಿಡಬಹುದು. ಪಂದ್ಯವನ್ನು ನಾನು ನೋಡುವುದೇ ಹೀಗೆ.

ಇಂಟರ್ನೆಟ್ ಬೇಕಿಲ್ಲ ಅನ್ನುವುದು ಮೂರನೆಯದು. ಡಿಶ್‌ನಿಂದಲೋ ಕೇಬಲ್‌ನಿಂದಲೋ ಬಂದದ್ದು ಡಿಸ್ಕ್‌ಗೆ ಹೋಗುತ್ತದೆ, ಡೇಟಾ ಖರ್ಚಾಗುವುದಿಲ್ಲ.

ಈಗ ತೊಂದರೆಗಳು. ಟ್ಯೂನರ್, ಅಂದರೆ ಬರುವ ಸಿಗ್ನಲ್‌ನಿಂದ ಚಾನೆಲ್ ಹಿಡಿಯುವ ಭಾಗ, ಎಷ್ಟು ಅಂತ ಕೇಳದೆ ಬಾಕ್ಸ್ ತಗೋಬೇಡಿ. ಒಂದೇ ಟ್ಯೂನರ್ ಇದ್ದರೆ ಒಂದು ಚಾನೆಲ್ ರೆಕಾರ್ಡ್ ಆಗುತ್ತಿರುವಾಗ ಇನ್ನೊಂದು ನೋಡಲು ಸಾಮಾನ್ಯವಾಗಿ ಆಗುವುದಿಲ್ಲ. ಅಜ್ಜಿಯ ಧಾರಾವಾಹಿ ರೆಕಾರ್ಡ್ ಆಗುತ್ತಿದೆ ಅಂತ ಮಿಕ್ಕವರೆಲ್ಲ ಅದನ್ನೇ ನೋಡಬೇಕು. ಎರಡು ಟ್ಯೂನರ್ ಇದ್ದರೂ ಡಿಶ್ ಸಂಪರ್ಕವಾದರೆ ಹಲವು ಕಡೆ ಎರಡು ವೈರ್ ಎಳೆಯಬೇಕಾಗುತ್ತದೆ. ಅದನ್ನು ಮೊದಲೇ ಕೇಳಿಕೊಳ್ಳಿ, ಗೋಡೆಗೆ ಬಣ್ಣ ಹೊಡೆಸಿದ ಮೇಲಲ್ಲ.

ಎಲ್ಲವೂ ನಿಂತಿರುವುದು ಕಾರ್ಯಕ್ರಮ ಪಟ್ಟಿಯ ಮೇಲೆ. ಚಾನೆಲ್‌ನವರು ಪಟ್ಟಿಯಲ್ಲಿ ಒಂಬತ್ತು ಗಂಟೆ ಅಂತ ಹಾಕಿ ಒಂಬತ್ತು ಏಳಕ್ಕೆ ಶುರು ಮಾಡಿದರೆ ಕೊನೆಯ ಏಳು ನಿಮಿಷ ಹೋಯಿತು. ಒಂದು ಫೈನಲ್ ಪಂದ್ಯ ರೆಕಾರ್ಡ್‌ಗೆ ಹಾಕಿ ಊರಿಗೆ ಹೋಗಿದ್ದೆ. ಮೂರು ದಿನ ಫಲಿತಾಂಶ ಕಿವಿಗೆ ಬೀಳದ ಹಾಗೆ ಎಚ್ಚರ ವಹಿಸಿ, ಬಂದು ಕೂತು ನೋಡಿದರೆ ಪಂದ್ಯ ಹೆಚ್ಚುವರಿ ಸಮಯಕ್ಕೆ ಹೋಗಿತ್ತು. ರೆಕಾರ್ಡಿಂಗ್ ಮಾತ್ರ ಪಟ್ಟಿಯ ಪ್ರಕಾರ ಸರಿಯಾಗಿ ಮುಗಿದಿತ್ತು. ಅವತ್ತಿನಿಂದ ಪಂದ್ಯಕ್ಕೆ ಒಂದು ಗಂಟೆ, ಬೇರೆಯದಕ್ಕೆ ಮುಂಚೆ ಐದು ನಿಮಿಷ, ಆಮೇಲೆ ಹದಿನೈದು ನಿಮಿಷ ಜಾಸ್ತಿ ಹಾಕುತ್ತೇನೆ. ಈ ಸೌಲಭ್ಯ ಹೆಚ್ಚಿನ ಬಾಕ್ಸ್‌ಗಳಲ್ಲಿದೆ, ಸೆಟಿಂಗ್ಸ್‌ನಲ್ಲಿ ಹುಡುಕಿ.

ನಿಮ್ಮ ಮನೆಯ ಡಿಸ್ಕ್‌ನಲ್ಲಿರುತ್ತದೆ ಅಂತ ಮೇಲೆ ಹೇಳಿದೆ, ಅದರಲ್ಲೂ ಒಂದು ಮಾತಿದೆ. ಹಣ ಕೊಟ್ಟು ನೋಡುವ ಸೇವೆಗಳ ಬಾಕ್ಸ್‌ಗಳಲ್ಲಿ ರೆಕಾರ್ಡಿಂಗ್‌ಗೆ ಬೀಗ ಇರುತ್ತದೆ. ಡಿಸ್ಕ್ ಬಿಚ್ಚಿ ಕಂಪ್ಯೂಟರಿಗೆ ಹಾಕಿದರೆ ಏನೂ ಕಾಣುವುದಿಲ್ಲ. ಬಾಕ್ಸ್ ಕೆಟ್ಟರೆ ರೆಕಾರ್ಡಿಂಗ್‌ಗಳೂ ಅದರ ಜೊತೆ ಹೋಗುತ್ತವೆ. ನಮ್ಮ ಬಾಕ್ಸ್ ಕೆಟ್ಟಾಗ ಬದಲಿಗೆ ಹೊಸದು ಕೊಟ್ಟರು, ಹಳೆಯದನ್ನು ತಗೊಂಡು ಹೋದರು. ಎರಡು ವರ್ಷ ಕೂಡಿಸಿಟ್ಟ ಸಂಗೀತ ಕಛೇರಿಗಳು ಅದರಲ್ಲಿದ್ದವು, ಅವು ಮತ್ತೆ ಎಲ್ಲೂ ಸಿಗಲಿಲ್ಲ. ಹಾಗಾಗಿ ಈ ಬಾಕ್ಸ್‌ನಲ್ಲಿ ಇಡುವುದನ್ನು ತಿಂಗಳುಗಳ ಲೆಕ್ಕದಲ್ಲಿ ಯೋಚಿಸಿ, ಜೀವಮಾನದ ಲೆಕ್ಕದಲ್ಲಿ ಬೇಡ.

ಪೆನ್‌ಡ್ರೈವ್ ಸಿಕ್ಕಿಸಿ ರೆಕಾರ್ಡ್ ಮಾಡುವುದು

ಕಡಿಮೆ ಖರ್ಚಿನ ದಾರಿ ಇದು. ಹಲವು ಟೀವಿಗಳಲ್ಲಿ, ಸಾದಾ ಬಾಕ್ಸ್‌ಗಳಲ್ಲೂ ಯುಎಸ್‌ಬಿಗೆ ರೆಕಾರ್ಡ್ ಮಾಡುವ ಸೌಲಭ್ಯ ಇರುತ್ತದೆ, ಎಷ್ಟೋ ಜನರಿಗೆ ತಮ್ಮ ಟೀವಿಯಲ್ಲಿ ಅದು ಇದೆ ಅಂತಲೇ ಗೊತ್ತಿರುವುದಿಲ್ಲ. ಪೆನ್‌ಡ್ರೈವ್‌ಗಿಂತ ಹೊರಗಿನ ಹಾರ್ಡ್‌ಡಿಸ್ಕ್ ಒಳ್ಳೆಯದು. ಅಗ್ಗದ ಪೆನ್‌ಡ್ರೈವ್‌ಗಳಿಗೆ ಎಚ್‌ಡಿ ಚಿತ್ರವನ್ನು ಒಂದೇ ಸಮನೆ ಬರೆದುಕೊಳ್ಳುವ ವೇಗ ಇರುವುದಿಲ್ಲ, ಮಧ್ಯೆ ಮಧ್ಯೆ ಚಿತ್ರ ಒಡೆಯುತ್ತದೆ. ಹೆಚ್ಚಿನ ಟೀವಿಗಳು ಸಿಕ್ಕಿಸಿದ ಡಿಸ್ಕನ್ನು ಮೊದಲು ಫಾರ್ಮ್ಯಾಟ್ ಮಾಡುತ್ತವೆ. ಅದರಲ್ಲಿ ಮದುವೆಯ ಫೋಟೋ ಇದ್ದರೆ ದಯವಿಟ್ಟು ಮೊದಲು ತೆಗೆದಿಡಿ. ಬೀಗದ ಕತೆ ಇಲ್ಲೂ ಇದೆ, ಆ ಟೀವಿಯಲ್ಲಿ ಆದದ್ದು ಸಾಮಾನ್ಯವಾಗಿ ಆ ಟೀವಿಯಲ್ಲೇ ಓಡುತ್ತದೆ. ಇನ್ನೊಂದು ವಿಷಯ, ಟೀವಿಯ ಸ್ವಂತ ಟ್ಯೂನರಿಗೆ ಬರುವ ಚಾನೆಲ್‌ಗಳನ್ನು ಮಾತ್ರ ಅದು ರೆಕಾರ್ಡ್ ಮಾಡುತ್ತದೆ. ಎಚ್‌ಡಿಎಂಐ ವೈರ್‌ನಲ್ಲಿ ಬೇರೆ ಬಾಕ್ಸ್‌ನಿಂದ ಬರುವುದನ್ನು ಮಾಡುವುದಿಲ್ಲ.

ತಿಂಗಳ ಚಂದಾದ ಓಟಿಟಿ

ಇದರ ಸುಖ ಎಲ್ಲರಿಗೂ ಗೊತ್ತು. ಟೈಮರ್ ಇಲ್ಲ, ಡಿಸ್ಕ್ ತುಂಬುವುದಿಲ್ಲ, ಟೀವಿಯಲ್ಲಿ ಅರ್ಧ ನೋಡಿ ಫೋನಿನಲ್ಲಿ ಮುಂದುವರಿಸಬಹುದು. ಮನೆಗೆ ಮಧ್ಯರಾತ್ರಿ ಬರುವವರಿಗೆ, ಪಾಳಿಯಲ್ಲಿ ಕೆಲಸ ಮಾಡುವವರಿಗೆ ಇದು ನಿಜವಾದ ಬಿಡುಗಡೆ. 2013ರಲ್ಲಿ ನೆಟ್‌ಫ್ಲಿಕ್ಸ್ ತನ್ನದೇ ಧಾರಾವಾಹಿಯ 13 ಕಂತುಗಳನ್ನೂ ಒಂದೇ ದಿನ ಬಿಟ್ಟ ಮೇಲೆ ವಾರಕ್ಕೊಂದು ಕಂತಿಗೆ ಕಾಯುವ ಅಭ್ಯಾಸವೇ ಎಷ್ಟೋ ಮನೆಗಳಲ್ಲಿ ಹೋಯಿತು.

ಆದರೆ ಇಲ್ಲಿ ಮೂರು ವಿಷಯ ಗಮನಿಸಬೇಕು. ಒಂದು, ಇರುವುದು ಯಾವಾಗಲೂ ಇರುವುದಿಲ್ಲ. ಸಿನಿಮಾದ ಹಕ್ಕನ್ನು ಅವರು ಇಂತಿಷ್ಟು ಕಾಲಕ್ಕೆ ಅಂತ ತಗೊಂಡಿರುತ್ತಾರೆ, ಅವಧಿ ಮುಗಿದರೆ ಅದು ಬೇರೆ ಆ್ಯಪ್‌ಗೆ ಹೋಗುತ್ತದೆ ಅಥವಾ ಎಲ್ಲೂ ಇರುವುದಿಲ್ಲ. ಆಮೇಲೆ ನೋಡೋಣ ಅಂತ ಪಟ್ಟಿಗೆ ಸೇರಿಸಿಟ್ಟದ್ದು ಆಮೇಲೆ ಮಾಯ. ಡೌನ್‌ಲೋಡ್ ಮಾಡಿಟ್ಟುಕೊಂಡರೂ ಅದು ಆ ಆ್ಯಪ್‌ನ ಒಳಗೇ ಇರುತ್ತದೆ, ಚಂದಾ ನಿಂತರೆ ಅದೂ ನಿಲ್ಲುತ್ತದೆ.

ಎರಡು, ನೇರಪ್ರಸಾರ ತಡವಾಗುತ್ತದೆ. ಇಂಟರ್ನೆಟ್‌ನಲ್ಲಿ ಚಿತ್ರವನ್ನು ಕೆಲವು ಸೆಕೆಂಡುಗಳ ತುಂಡುಗಳಾಗಿ ಕತ್ತರಿಸಿ ಕಳಿಸುತ್ತಾರೆ. ಮಧ್ಯೆ ನಿಲ್ಲದಿರಲಿ ಅಂತ ನಿಮ್ಮ ಟೀವಿ ಒಂದಷ್ಟು ತುಂಡುಗಳನ್ನು ಮೊದಲೇ ತುಂಬಿಕೊಂಡು ಆಮೇಲೆ ತೋರಿಸುತ್ತದೆ. ಹಾಗಾಗಿ ಡಿಶ್‌ಗಿಂತ ಅರ್ಧ ನಿಮಿಷ, ಕೆಲವೊಮ್ಮೆ ಅದಕ್ಕೂ ಜಾಸ್ತಿ ಹಿಂದೆ ಇರುತ್ತದೆ. ಪಕ್ಕದ ಮನೆಯಲ್ಲಿ ಹೋ ಅಂತ ಕೂಗಿದ ಮೇಲೆ ನಿಮ್ಮ ಪರದೆಯಲ್ಲಿ ಗೋಲು ಬೀಳುವುದು ಇದೇ ಕಾರಣಕ್ಕೆ. ಪಂದ್ಯ ಪ್ರಾಣ ಅನ್ನುವವರಿಗೆ ಇದು ಸಣ್ಣ ವಿಷಯ ಅಲ್ಲ.

ಮೂರು, ಜಾಹೀರಾತು ಇಲ್ಲಿಗೂ ಬಂದಿದೆ. ನೆಟ್‌ಫ್ಲಿಕ್ಸ್ 2022ರ ನವೆಂಬರ್‌ನಲ್ಲಿ ಜಾಹೀರಾತು ಇರುವ ಕಡಿಮೆ ದರದ ಯೋಜನೆ ತಂದಿತು. ಇಂಥ ಯೋಜನೆಗಳಲ್ಲಿ ಜಾಹೀರಾತನ್ನು ಓಡಿಸಲು ಆಗುವುದಿಲ್ಲ, ಕೂತು ನೋಡಲೇಬೇಕು. ರೆಕಾರ್ಡರ್ ಇಟ್ಟುಕೊಂಡವರು ಇಪ್ಪತ್ತು ವರ್ಷದಿಂದ ದಾಟಿಕೊಂಡು ಬಂದದ್ದನ್ನು ದುಡ್ಡು ಕೊಟ್ಟು ಮತ್ತೆ ನೋಡಬೇಕು ಅಂದರೆ ಬೇಜಾರಾಗುತ್ತದೆ, ಅಲ್ವಾ?

ಇದರ ಜೊತೆಗೆ ನನ್ನ ಮನಸ್ಸಿನಲ್ಲಿರುವ ಇನ್ನೊಂದು ಮಾತು. ರೆಕಾರ್ಡರ್ ತೆರೆದರೆ ಮೂವತ್ತು ನಲವತ್ತು ಹೆಸರು ಕಾಣುತ್ತವೆ, ಎಲ್ಲವೂ ನಾನೇ ಆರಿಸಿದ್ದು. ಓಟಿಟಿ ತೆರೆದರೆ ಸಾವಿರಾರು, ಆರಿಸಿದವರು ಬೇರೆ. ನಮ್ಮ ಮನೆಯಲ್ಲಿ ಹುಡುಕುವುದರಲ್ಲೇ ಅರ್ಧ ಗಂಟೆ ಹೋಗಿ ಏನೂ ನೋಡದೆ ಮಲಗಿದ ರಾತ್ರಿಗಳಿವೆ. ಒಂದು ಕಂತು ಮುಗಿದ ತಕ್ಷಣ ಮುಂದಿನದು ತಾನೇ ಶುರುವಾಗುವುದನ್ನು ಹೆಚ್ಚಿನ ಸೇವೆಗಳಲ್ಲಿ ಸೆಟಿಂಗ್ಸ್‌ಗೆ ಹೋಗಿ ನಿಲ್ಲಿಸಬಹುದು. ಮಕ್ಕಳಿರುವ ಮನೆಯಲ್ಲಿ ಇದನ್ನು ಮೊದಲ ದಿನವೇ ಮಾಡಿ.

ಚಾನೆಲ್‌ಗಳ ಕ್ಯಾಚ್‌ಅಪ್ ಆ್ಯಪ್

ಹಲವು ಚಾನೆಲ್‌ಗಳು ಪ್ರಸಾರವಾದ ಕಂತುಗಳನ್ನು ತಮ್ಮ ಆ್ಯಪ್‌ನಲ್ಲಿ ಸ್ವಲ್ಪ ದಿನ ಇಡುತ್ತವೆ, ಕೆಲವು ಉಚಿತವಾಗಿಯೇ. ಸ್ವಲ್ಪ ದಿನ ಅನ್ನುವುದನ್ನು ಮಾತ್ರ ಗಮನಿಸಿ. ಐಪ್ಲೇಯರ್ ಶುರುವಿನಲ್ಲಿ ಹೆಚ್ಚಿನ ಕಾರ್ಯಕ್ರಮಗಳನ್ನು 7 ದಿನ ಇಡುತ್ತಿತ್ತು, 2014ರಲ್ಲಿ ಅದು 30 ದಿನ ಆಯಿತು. ಬೇರೆಯವರ ಅವಧಿ ಬೇರೆ ಇರುತ್ತದೆ. ದಿನದ ಧಾರಾವಾಹಿಯಲ್ಲಿ ಒಂದೆರಡು ಕಂತು ತಪ್ಪಿದವರಿಗೆ ಇಷ್ಟೇ ಸಾಕು, ರೆಕಾರ್ಡರ್ ಬೇಡವೇ ಬೇಡ. ಸಿನಿಮಾ ಮತ್ತು ಕ್ರೀಡೆಗೆ ಇದನ್ನು ನಂಬಿ ಕೂರಬೇಡಿ, ಚಾನೆಲ್‌ನಲ್ಲಿ ತೋರಿಸುವ ಹಕ್ಕು ಇದ್ದರೂ ಆ್ಯಪ್‌ನಲ್ಲಿ ಇಡುವ ಹಕ್ಕು ಅವರಿಗೆ ಇಲ್ಲದಿರಬಹುದು.

ಕ್ಲೌಡ್ ರೆಕಾರ್ಡರ್

ರೆಕಾರ್ಡಿಂಗ್ ನಿಮ್ಮ ಮನೆಯಲ್ಲಿ ಆಗುವ ಬದಲು ಕಂಪನಿಯ ಸರ್ವರ್‌ನಲ್ಲಿ ಆಗುತ್ತದೆ. ಟ್ಯೂನರ್ ಚಿಂತೆ ಇಲ್ಲ, ಕರೆಂಟ್ ಹೋದರೂ ರೆಕಾರ್ಡ್ ನಿಲ್ಲುವುದಿಲ್ಲ. ಅಮೆರಿಕದಲ್ಲಿ ಯೂಟ್ಯೂಬ್ ಟೀವಿ ಎಷ್ಟು ಬೇಕಾದರೂ ರೆಕಾರ್ಡ್ ಮಾಡಲು ಬಿಡುತ್ತದೆ, ಆದರೆ 9 ತಿಂಗಳಿಗೆ ಅಳಿಸುತ್ತದೆ. ಮೊದಲೇ ಹೇಳಬೇಕು ಅನ್ನುವ ರೆಕಾರ್ಡರ್‌ನ ಶಿಸ್ತು ಇಲ್ಲೂ ಇದೆ, ಅವರ ಹತ್ತಿರ ಇರುತ್ತದೆ ಅನ್ನುವ ಓಟಿಟಿಯ ಮಿತಿಯೂ ಇದೆ. ಡೇಟಾ ಖರ್ಚು ಪೂರ್ತಿ ಇದೆ. ಒಳ್ಳೆಯ ಇಂಟರ್ನೆಟ್ ಇರುವವರಿಗೆ, ಮನೆಯಲ್ಲಿ ಮೂರು ನಾಲ್ಕು ಟೀವಿ ಇರುವವರಿಗೆ ಅನುಕೂಲ. ಎಲ್ಲ ಕಡೆ ಈ ಸೇವೆ ಇಲ್ಲ.

ಒಂದೊಂದಾಗಿ ಬಾಡಿಗೆ ಅಥವಾ ಖರೀದಿ

ತಿಂಗಳಿಗೆ ಒಂದೇ ಒಂದು ಸಿನಿಮಾ ನೋಡುವವರು ಚಂದಾ ಕಟ್ಟುವ ಮುಂಚೆ ಇದನ್ನು ಲೆಕ್ಕ ಹಾಕಿ. ಬಾಡಿಗೆ ತಗೊಂಡರೆ ಸಾಮಾನ್ಯವಾಗಿ 30 ದಿನದೊಳಗೆ ಶುರು ಮಾಡಬೇಕು, ಶುರು ಮಾಡಿದ ಮೇಲೆ 48 ಗಂಟೆಯೊಳಗೆ ಮುಗಿಸಬೇಕು. ಖರೀದಿ ಅಂತ ಬರೆದಿದ್ದರೂ ಅದು ಡಿವಿಡಿ ಕೊಂಡ ಹಾಗಲ್ಲ. 2022ರಲ್ಲಿ ಜರ್ಮನಿ ಮತ್ತು ಆಸ್ಟ್ರಿಯಾದಲ್ಲಿ ಪ್ಲೇಸ್ಟೇಷನ್ ಸ್ಟೋರಿನಿಂದ ಜನ ದುಡ್ಡು ಕೊಟ್ಟು ಕೊಂಡಿದ್ದ ಸ್ಟುಡಿಯೋಕೆನಾಲ್ ಅನ್ನುವ ಸಿನಿಮಾ ಕಂಪನಿಯ ಚಿತ್ರಗಳು, ಹಕ್ಕಿನ ಒಪ್ಪಂದ ಮುಗಿಯಿತು ಅಂತ ಅವರ ಖಾತೆಯಿಂದ ಹೋದವು. ಮಕ್ಕಳಿಗೆ ತೋರಿಸಬೇಕು ಅಂತ ಮನಸ್ಸಿನಲ್ಲಿಟ್ಟುಕೊಂಡ ಸಿನಿಮಾ ಇದ್ದರೆ ಡಿವಿಡಿ ಸಿಗುತ್ತಿರುವಷ್ಟು ದಿನ ಡಿವಿಡಿಯನ್ನೇ ಕೊಳ್ಳಿ. ಈ ವಿಷಯದಲ್ಲಿ ನಾನು ಹಠಮಾರಿ.

ಹಾಗಾದರೆ ಯಾರಿಗೆ ಯಾವುದು

ನಿಮ್ಮ ವಾರದ ಪಟ್ಟಿಯಲ್ಲಿ ಪಂದ್ಯಗಳೇ ಜಾಸ್ತಿ ಇದ್ದರೆ ರೆಕಾರ್ಡರ್ ಬಾಕ್ಸ್ ತಗೊಳ್ಳಿ, ಎರಡು ಟ್ಯೂನರಿನದ್ದು. ತಡ ಇಲ್ಲ, ನಿಲ್ಲಿಸಬಹುದು, ಹಿಂದೆ ಹೋಗಿ ಮತ್ತೆ ನೋಡಬಹುದು. ನಿಮಗೆ ಬೇಕಾದ ಪಂದ್ಯ ಚಾನೆಲ್‌ನಲ್ಲಿ ಬರುತ್ತದೋ ಆ್ಯಪ್‌ನಲ್ಲಿ ಮಾತ್ರವೋ ಅಂತ ಮಾತ್ರ ಮೊದಲು ನೋಡಿಕೊಳ್ಳಿ. ಆ್ಯಪ್‌ನಲ್ಲಿ ಮಾತ್ರ ಅಂದರೆ ಬಾಕ್ಸ್‌ನಿಂದ ಉಪಯೋಗವಿಲ್ಲ.

ಸಿನಿಮಾ ಮತ್ತು ಸರಣಿ ನೋಡುವವರು, ಇಂಟರ್ನೆಟ್ ಚೆನ್ನಾಗಿದೆ, ಮಿತಿ ಇಲ್ಲ ಅಂದರೆ ಒಂದು ಓಟಿಟಿ ಸಾಕು. ನಾಲ್ಕು ಬೇಡ. ತಿಂಗಳ ಲೆಕ್ಕದಲ್ಲಿ ಚಂದಾ ಕೊಡುವ ಸೇವೆಯಾದರೆ ಒಂದು ತಿಂಗಳು ಒಂದು, ಅದರಲ್ಲಿ ಬೇಕಾದ್ದು ನೋಡಿ ನಿಲ್ಲಿಸಿ ಮುಂದಿನ ತಿಂಗಳು ಇನ್ನೊಂದು, ಹೀಗೆ ಸುತ್ತಿ. ಖರ್ಚು ಒಂದರದ್ದೇ ಆಗುತ್ತದೆ. ತಾನೇ ನವೀಕರಣ ಆಗುವುದನ್ನು ಚಂದಾ ಕಟ್ಟಿದ ದಿನವೇ ನಿಲ್ಲಿಸಿಬಿಡಿ. ಎಷ್ಟೋ ಸೇವೆಗಳು ಕಟ್ಟಿದ ಅವಧಿ ಮುಗಿಯುವವರೆಗೆ ನೋಡಲು ಬಿಡುತ್ತವೆ, ಆ ನಿಯಮವನ್ನು ಒಮ್ಮೆ ಓದಿಕೊಂಡು ಮಾಡಿ.

ವಯಸ್ಸಾದವರು ಜಾಸ್ತಿ ಹೊತ್ತು ಟೀವಿ ನೋಡುವ ಮನೆಯಾದರೆ ನಾನು ಯೋಚಿಸದೆ ರೆಕಾರ್ಡರ್ ಅನ್ನುತ್ತೇನೆ. ಒಂದೇ ರಿಮೋಟ್, ಪಾಸ್‌ವರ್ಡ್ ಇಲ್ಲ, ಆ್ಯಪ್ ಅಪ್‌ಡೇಟ್ ಆಗಿ ಗುಂಡಿಗಳ ಜಾಗ ಬದಲಾಗುವುದಿಲ್ಲ. ಧಾರಾವಾಹಿಯನ್ನು ಸರಣಿಯಾಗಿ ರೆಕಾರ್ಡ್‌ಗೆ ಹಾಕಿಕೊಟ್ಟರೆ ದಿನವೂ ತಾನೇ ಬಂದು ಕೂರುತ್ತದೆ. ನನ್ನ ಅಮ್ಮ ಸಂಜೆ ವಾಕಿಂಗ್ ಹೋಗಲು ಶುರು ಮಾಡಿದ್ದೇ ಇದು ಬಂದ ಮೇಲೆ. ಅದುವರೆಗೆ ಆರೂವರೆಯ ಕಂತು ತಪ್ಪುತ್ತದೆ ಅಂತ ಮನೆ ಬಿಟ್ಟು ಹೊರಡುತ್ತಿರಲಿಲ್ಲ.

ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಹೊಸದೇನೂ ಕೊಳ್ಳಬೇಡಿ. ಇರುವ ಟೀವಿಯ ಹಿಂದೆ ಯುಎಸ್‌ಬಿ ಕಿಂಡಿ ನೋಡಿ, ರಿಮೋಟಿನಲ್ಲಿ ಕೆಂಪು ಚುಕ್ಕೆಯ ಗುಂಡಿ ಇದೆಯಾ ನೋಡಿ, ಮೆನುವಿನಲ್ಲಿ ಪಿವಿಆರ್ ಅಥವಾ ಟೈಮ್‌ಶಿಫ್ಟ್ ಅನ್ನುವ ಹೆಸರು ಹುಡುಕಿ. ಇದ್ದರೆ ಹಳೇ ಹಾರ್ಡ್‌ಡಿಸ್ಕ್ ಒಂದನ್ನು ಸಿಕ್ಕಿಸಿ, ಜೊತೆಗೆ ಉಚಿತ ಕ್ಯಾಚ್‌ಅಪ್ ಆ್ಯಪ್ ಇಟ್ಟುಕೊಳ್ಳಿ. ಎರಡು ತಿಂಗಳು ಇಷ್ಟರಲ್ಲೇ ಕಳೆದು ನೋಡಿ, ನಿಜವಾಗಿ ಏನು ಕೊರತೆಯಾಯಿತು ಅಂತ ಆಗ ಗೊತ್ತಾಗುತ್ತದೆ.

ಬಾಕ್ಸ್ ಕೊಳ್ಳುವವರು ಅಂಗಡಿಯಲ್ಲಿ ಕೇಳಬೇಕಾದ್ದು: ಟ್ಯೂನರ್ ಎಷ್ಟು, ಚಂದಾ ನಿಲ್ಲಿಸಿದರೆ ರೆಕಾರ್ಡ್ ಆದದ್ದು ಓಡುತ್ತದೆಯೇ, ಬಾಕ್ಸ್ ಬದಲಾಯಿಸಿದರೆ ಡಿಸ್ಕ್ ಯಾರದ್ದು. ಬಾಯಿಮಾತಿನ ಉತ್ತರ ಬೇಡ, ಕಾಗದದಲ್ಲಿ ತೋರಿಸಿ ಅನ್ನಿ. ಕೊನೆಯ ಪ್ರಶ್ನೆಯನ್ನು ನಾನು ಕೇಳಿರಲಿಲ್ಲ.